ಬಿಳಿ ಮುಚ್ಚಳದ ಮೇಲಿನ ವೇಣುಗೋಪಾಲ

ವಸ್ತುಸಂಗ್ರಹಾಲಯಗಳ ಪಟ್ಟಿಗಳಲ್ಲಿ ಒಂದು ಬಗೆಯ ನಮೂದು ಆಗಾಗ ಕಣ್ಣಿಗೆ ಬೀಳುತ್ತದೆ. 'ನಶ್ಯದ ಡಬ್ಬಿ. ಚಿನ್ನ ಮತ್ತು ದಂತ. ಮುಚ್ಚಳದ ಮೇಲೆ ಪುರಾಣದ ದೃಶ್ಯ.' ಕೆಲವೊಮ್ಮೆ ಮಾಡಿದವನ ಹೆಸರು, ಊರು, ಇಸವಿ ಸಿಗುತ್ತದೆ. ಮುಚ್ಚಳದ ಮೇಲೆ ಕೂತ ದೇವರು ಯಾರು, ಡಬ್ಬಿ ಯಾವ ದೊರೆಯ ಜೇಬಿನಲ್ಲಿತ್ತು ಎಂಬ ವಿವರವೂ ಸಿಗುತ್ತದೆ. ಆ ದಂತ ಯಾವ ಕಾಡಿನದು ಎಂಬುದು ಮಾತ್ರ ಸಿಗುವುದು ಅಪರೂಪ. ಈ ಹೊತ್ತಿನ ಮಾತು ಆ ಬಿಟ್ಟುಹೋದ ವಿವರದ ಬಗ್ಗೆ.

ಇಂಥ ಮಾತಿಗೆ ಹಂಗಳಕ್ಕಿಂತ ತಕ್ಕ ಊರು ಸಿಗುವುದು ಕಷ್ಟ. ಗುಂಡ್ಲುಪೇಟೆ ಬಿಟ್ಟು ಊಟಿಯ ಹೆದ್ದಾರಿ ಹಿಡಿದವರಿಗೆ ಕೆಲವೇ ಮೈಲಿಗಳಲ್ಲಿ ಸಿಗುವ ಊರು ಇದು. ಹಿಮವದ್ ಗೋಪಾಲಸ್ವಾಮಿ ಬೆಟ್ಟದ ದಾರಿ ಹೆದ್ದಾರಿಯಿಂದ ಕವಲೊಡೆಯುವುದು ಇಲ್ಲೇ. 1,454 ಮೀಟರ್ ಎತ್ತರದ ಆ ಬೆಟ್ಟದ ಮೇಲೆ ಮಂಜು ಮುಸುಕಿದ ಗುಡಿ. ಒಳಗೆ ಮರದ ಕೆಳಗೆ ಕೊಳಲು ಹಿಡಿದು ನಿಂತ ವೇಣುಗೋಪಾಲ. ಬೆಟ್ಟದ ಸುತ್ತ ಬಂಡೀಪುರದ ಕಾಡು. 1941ರಲ್ಲಿ ಮೈಸೂರು ಸಂಸ್ಥಾನ ಈ ಕಾಡನ್ನು ವಿಸ್ತರಿಸಿ ವನ್ಯಧಾಮವನ್ನಾಗಿ ಮಾಡಿದಾಗ ಅದಕ್ಕೆ ಇಟ್ಟ ಹೆಸರೂ ಈ ದೇವರದೇ, 'ವೇಣುಗೋಪಾಲ ವನ್ಯಜೀವಿ ಉದ್ಯಾನ'. ಗುಡಿಯ ಹತ್ತಿರಕ್ಕೆ ಕಾಡಾನೆ ಬಂದು ನಿಲ್ಲುವುದು ಬೆಟ್ಟ ಹತ್ತಿದ ಭಕ್ತರಿಗೆ ಹೊಸದೇನಲ್ಲ. ಡಬ್ಬಿಯ ಮುಚ್ಚಳದ ಮೇಲೆ ಬರುವ ದೇವರು, ಆ ಮುಚ್ಚಳಕ್ಕೆ ಹಲ್ಲು ಕೊಟ್ಟ ಪ್ರಾಣಿ, ಇಬ್ಬರೂ ಒಂದೇ ಬೆಟ್ಟದ ಮೇಲೆ ಎದುರುಬದುರಾಗುವ ಜಾಗ ಇದು.

ನಡುವಯಸ್ಸು ದಾಟಿದವರಿಗೆ ನಶ್ಯದ ಡಬ್ಬಿಯ ಪರಿಚಯ ಹೇಳಬೇಕಾಗಿಲ್ಲ. ಜಗಲಿಯ ಮೇಲೆ ಕೂತ ಅಜ್ಜ ಪಂಚೆಯ ಗಂಟಿನಿಂದ ಡಬ್ಬಿ ತೆಗೆದು, ಮುಚ್ಚಳದ ಮೇಲೆ ಬೆರಳಿನಿಂದ ಎರಡು ಸಲ ತಟ್ಟಿ, ಒಂದು ಚಿಟಿಕೆ ಏರಿಸಿ, ಸೀನಿಗೆ ಮುಂಚೆ ಕಣ್ಣು ಮುಚ್ಚಿ ಕ್ಷಣಕಾಲ ಲೋಕ ಮರೆಯುವುದನ್ನು ನೋಡಿ ಬೆಳೆದವರು ಇನ್ನೂ ಇದ್ದಾರೆ. ಅಂಗಡಿಯಿಂದ ಬಾಳೆಪಟ್ಟೆಯ ಪೊಟ್ಟಣದಲ್ಲಿ ಬಂದದ್ದು ಮನೆಯಲ್ಲಿ ಡಬ್ಬಿ ಸೇರುತ್ತಿತ್ತು. ಬಡವನಿಗೆ ತಗಡಿನ ಡಬ್ಬಿ, ಅನುಕೂಲಸ್ಥನಿಗೆ ಹಿತ್ತಾಳೆಯದು ಅಥವಾ ಬೆಳ್ಳಿಯದು. ಪುಡಿ ಒಂದೇ, ಡಬ್ಬಿ ಮಾತ್ರ ಬೇರೆ ಬೇರೆ. ಗುಟ್ಟಿರುವುದೂ ಅಲ್ಲೇ: ನಶ್ಯವನ್ನು ಯಾರಿಗೂ ತೋರಿಸಲಾಗದು, ಡಬ್ಬಿಯನ್ನು ತೋರಿಸಬಹುದು.

ಹೆಸರು ಹಳೆಯದು, ಚಟ ಹೊಸದು. ಮೂಗಿನ ಮೂಲಕ ಔಷಧ ಕೊಡುವ 'ನಸ್ಯ' ಆಯುರ್ವೇದದ ಪಂಚಕರ್ಮಗಳಲ್ಲಿ ಒಂದು. ಹೊಗೆಸೊಪ್ಪು ಸಮುದ್ರ ದಾಟಿ ಬಂದ ಮೇಲೆ ಅದರ ಪುಡಿಗೂ ಅದೇ ಹೆಸರು ಅಂಟಿತು. ಹೊಗೆಸೊಪ್ಪಿನ ಕಥೆಯಲ್ಲಿ ಕನ್ನಡ ನಾಡಿಗೆ ಒಂದು ಮುಖ್ಯ ಪಾತ್ರವಿದೆ ಎಂಬುದು ಹಲವರಿಗೆ ಗೊತ್ತಿಲ್ಲ. ಅಕ್ಬರನ ಅಧಿಕಾರಿ ಅಸದ್ ಬೇಗ್ ಬಿಜಾಪುರದ ಆದಿಲ್‌ಶಾಹಿ ಆಸ್ಥಾನಕ್ಕೆ ಹೋಗಿದ್ದಾಗ ಅಲ್ಲಿ ಹೊಗೆಸೊಪ್ಪನ್ನು ಕಂಡ. ಅದುವರೆಗೆ ಅಂಥದ್ದನ್ನು ತಾನು ಎಲ್ಲೂ ಕಂಡಿರಲಿಲ್ಲವೆಂದು ಬರೆದಿಟ್ಟಿದ್ದಾನೆ. 1604-05ರ ಸುಮಾರಿಗೆ ಅವನು ಅದನ್ನು ಆಗ್ರಾಕ್ಕೆ ಒಯ್ದ. ಬರೀ ಸೊಪ್ಪನ್ನು ಒಯ್ಯಲಿಲ್ಲ. ರತ್ನ ಕೆತ್ತಿ ಮೀನಾ ಕೆಲಸ ಮಾಡಿದ ಕೊಳವೆಯನ್ನು ಸಿದ್ಧಪಡಿಸಿದ. ಬಿಜಾಪುರದ ಸುಲ್ತಾನ ವೀಳ್ಯಕ್ಕೆಂದು ಕೊಟ್ಟಿದ್ದ ಅಂದದ ಚೀಲದಲ್ಲಿ ಸೊಪ್ಪು ತುಂಬಿದ. ಎಲ್ಲವನ್ನೂ ಬೆಳ್ಳಿಯ ತಟ್ಟೆಯಲ್ಲಿಟ್ಟು ಬಾದಶಹನ ಮುಂದೆ ಹಿಡಿದ. ಅಕ್ಬರ್ ಒಂದೆರಡು ಸಲ ಎಳೆಯುವಷ್ಟರಲ್ಲಿ ವೈದ್ಯ ತಡೆದನಂತೆ. ಉತ್ತರದ ಆಸ್ಥಾನಕ್ಕೆ ಹೊಗೆಸೊಪ್ಪು ಹೋದದ್ದೇ ಹೀಗೆ, ಒಡವೆ ತೊಟ್ಟುಕೊಂಡು. ಮುಂದೆ 1617ರಲ್ಲಿ ಜಹಾಂಗೀರ್ ಅದನ್ನು ನಿಷೇಧಿಸಿದ. ನಿಷೇಧದ ಗತಿ ಏನಾಯಿತೆಂದು ಯಾವ ಊರಿನ ಬೀಡಾ ಅಂಗಡಿಯನ್ನು ಕೇಳಿದರೂ ತಿಳಿಯುತ್ತದೆ.

ಯುರೋಪಿನಲ್ಲಿ ಈ ತೋರಿಕೆ ತುತ್ತತುದಿ ಮುಟ್ಟಿದ್ದು ಹದಿನೆಂಟನೇ ಶತಮಾನದಲ್ಲಿ. 1560ರ ಸುಮಾರಿಗೆ ಪೋರ್ಚುಗಲ್‌ನಲ್ಲಿ ಫ್ರಾನ್ಸಿನ ರಾಯಭಾರಿಯಾಗಿದ್ದ ಜೀನ್ ನಿಕೋ ತನ್ನ ರಾಜಮನೆತನಕ್ಕೆ ಹೊಗೆಸೊಪ್ಪನ್ನು ತಲೆನೋವಿನ ಮದ್ದೆಂದು ಕಳಿಸಿದ. ನಿಕೋಟಿನ್ ಎಂಬ ಹೆಸರು ಬಂದದ್ದು ಅವನಿಂದಲೇ. ಮದ್ದು ಶೋಕಿಯಾಗಲು ಹೆಚ್ಚು ಕಾಲ ಹಿಡಿಯಲಿಲ್ಲ. ಮೊದಮೊದಲು ಗಟ್ಟಿ ಹೊಗೆಸೊಪ್ಪನ್ನು ಜೇಬಿನಲ್ಲಿಟ್ಟುಕೊಂಡು ಬೇಕೆಂದಾಗ ತುರಿದುಕೊಳ್ಳುತ್ತಿದ್ದರು. ಆ ತುರಿಮಣೆಯ ಬೆನ್ನಿಗೆ ದಂತ, ದಂತದ ಮೇಲೆ ಗ್ರೀಕ್ ಪುರಾಣದ ಕೆತ್ತನೆ. ಫ್ರಾನ್ಸಿನ ಕಡಲ ತೀರದ ದಿಯೆಪ್ ಎಂಬ ಊರು ಇಂಥ ದಂತದ ಕೆಲಸಕ್ಕೇ ಹೆಸರಾಯಿತು. ಆಫ್ರಿಕಾದ ಹಡಗುಗಳು ಅಲ್ಲಿಗೆ ಬರುತ್ತಿದ್ದುದೇ ಅದಕ್ಕೆ ಕಾರಣ. ಪುಡಿ ಸಿದ್ಧವಾಗಿ ಸಿಗತೊಡಗಿದಾಗ ತುರಿಮಣೆ ಹೋಗಿ ಡಬ್ಬಿ ಬಂತು. ಪ್ಯಾರಿಸ್ಸಿನ ಅಕ್ಕಸಾಲಿಗರು ಚಿನ್ನದ ಅಂಚು ಕಟ್ಟಿದ ಡಬ್ಬಿಗಳಲ್ಲಿ ವೀನಸ್, ಡಯಾನಾ ಮೊದಲಾದ ದೇವತೆಗಳನ್ನು ಕೂರಿಸಿದರು. ರಾಜರು ರಾಯಭಾರಿಗಳಿಗೆ ಹಣ ಕೊಡುವ ಬದಲು ಇವನ್ನು ಕೊಡುತ್ತಿದ್ದರು. ಪಡೆದವರಲ್ಲಿ ಎಷ್ಟೋ ಮಂದಿ ಅವನ್ನು ಮತ್ತೆ ಅಕ್ಕಸಾಲಿಗನಿಗೇ ಮಾರಿ ನಗದು ಎಣಿಸಿಕೊಳ್ಳುತ್ತಿದ್ದರು. ಪ್ರಷ್ಯಾದ ದೊರೆ ಎರಡನೇ ಫ್ರೆಡರಿಕ್ ಬಳಿ ಇಂಥ ಡಬ್ಬಿಗಳು ನೂರಾರು ಇದ್ದವೆಂದು ಪ್ರತೀತಿ. ಅವುಗಳಲ್ಲೊಂದು 1759ರ ಕುನರ್ಸ್‌ಡಾರ್ಫ್ ಯುದ್ಧದಲ್ಲಿ ಗುಂಡಿಗೆ ಅಡ್ಡ ನಿಂತು ದೊರೆಯ ಪ್ರಾಣ ಉಳಿಸಿತೆಂಬ ಕಥೆಯೂ ಇದೆ.

ಈಗ ಡಬ್ಬಿಯನ್ನು ಕೈಗೆತ್ತಿಕೊಂಡು ನೋಡೋಣ. ಅದಕ್ಕೆ ದಂತವೇ ಏಕೆ ಬೇಕಿತ್ತು?

ಆನೆಯ ದಂತ ಅದರ ಮೇಲ್ದವಡೆಯ ಬಾಚಿಹಲ್ಲು. ಕೊಂಬಲ್ಲ, ಮೂಳೆಯೂ ಅಲ್ಲ. ಹೊರಗೆ ಕಾಣುವುದು ಒಂದು ಭಾಗವಷ್ಟೆ. ಉಳಿದದ್ದು ತಲೆಬುರುಡೆಯೊಳಗೆ ಹುದುಗಿರುತ್ತದೆ. ಬುಡದ ಕಡೆ ಅದು ಟೊಳ್ಳು, ತುದಿಯ ಕಡೆ ಗಟ್ಟಿ. ಗಟ್ಟಿ ಭಾಗ ವಿಗ್ರಹಕ್ಕೆ ಒದಗುತ್ತದೆ. ಟೊಳ್ಳು ಭಾಗವನ್ನು ಅಡ್ಡಲಾಗಿ ಕತ್ತರಿಸಿದರೆ ಬಳೆ ಸಿಗುತ್ತದೆ; ಸ್ವಲ್ಪ ಉದ್ದವಾಗಿ ಕತ್ತರಿಸಿ ತಳ ಕೂರಿಸಿದರೆ ದುಂಡನೆಯ ಡಬ್ಬಿ. ಅಂದರೆ ಡಬ್ಬಿಯ ಅರ್ಧ ಕೆಲಸವನ್ನು ಆನೆಯೇ ಮಾಡಿಟ್ಟಿರುತ್ತದೆ. ದಂತ ಸಣ್ಣ ಉಳಿಗೆ ಒಗ್ಗುತ್ತದೆ, ಕೂದಲೆಳೆಯಷ್ಟು ಗೆರೆಯನ್ನೂ ಹಿಡಿಯುತ್ತದೆ, ಕೈಯ ಜಿಡ್ಡು ತಾಗಿದಷ್ಟೂ ಬೆಣ್ಣೆಯ ಬಣ್ಣಕ್ಕೆ ತಿರುಗುತ್ತದೆ. ಅದಕ್ಕೊಂದು ದೋಷವಿದೆ. ಗಾಳಿಯ ತೇವಕ್ಕೆ ಹಿಗ್ಗಿ ಬಿಸಿಲಿಗೆ ಕುಗ್ಗುವುದರಿಂದ ಕಾಲಕ್ರಮದಲ್ಲಿ ಸೀಳುತ್ತದೆ. ದಿನಕ್ಕೆ ಹತ್ತಾರು ಸಲ ತೆರೆದು ಮುಚ್ಚುವ ಡಬ್ಬಿಗೆ ದಂತದ ಕೀಲು ತಾಳುವುದಿಲ್ಲ. ಚಿನ್ನ ಬಂದದ್ದು ಅಲ್ಲಿ. ಅಂಚಿನ ಪಟ್ಟಿ, ಕೀಲು, ಮುಚ್ಚಳ ಎತ್ತಲು ಹೆಬ್ಬೆರಳಿನ ಆಸರೆ, ಇವಕ್ಕೆಲ್ಲ ಚಿನ್ನವೇ. ತುಕ್ಕು ಹಿಡಿಯದ, ಕ್ಲಾವು ಕಟ್ಟದ ಲೋಹ ಬೇಕಿತ್ತು. ಸಿರಿವಂತಿಕೆಯ ಪ್ರದರ್ಶನ ಆಮೇಲಿನ ಮಾತು.

ದಂತದ ಕೆಲಸದಲ್ಲಿ ಭಾರತದ ಕೈ ಬಹಳ ಹಳೆಯದು. ಸಾಂಚಿಯ ದೊಡ್ಡ ಸ್ತೂಪದ ದಕ್ಷಿಣ ತೋರಣದ ಕೆತ್ತನೆ ವಿದಿಶಾದ ದಂತಕಾರರದೆಂದು ಅಲ್ಲಿಯ ಶಾಸನವೇ ಹೇಳುತ್ತದೆ. ಇಟಲಿಯ ಪೊಂಪೇ ನಗರ ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋದದ್ದು ಕ್ರಿ.ಶ. 79ರಲ್ಲಿ, 1938ರಲ್ಲಿ ಅಲ್ಲಿನ ಅಗೆತದಲ್ಲಿ ಸಿಕ್ಕಿದ್ದು ಭಾರತದ ಒಂದು ದಂತದ ಹೆಣ್ಣು ಮೂರ್ತಿ. ಮಲಬಾರಿನ ಮುಜಿರಿಸ್ ಬಂದರಿನ ವ್ಯಾಪಾರಕ್ಕೆ ಸಂಬಂಧಿಸಿದ ಎರಡನೇ ಶತಮಾನದ ಸಾಲಪತ್ರವೊಂದು ವಿಯೆನ್ನಾದಲ್ಲಿದೆ. 'ಹರ್ಮಪೊಲ್ಲೊನ್' ಎಂಬ ಹಡಗಿನಲ್ಲಿ ಬಂದ ನೂರಕ್ಕೂ ಹೆಚ್ಚು ದಂತಗಳ ತೂಕ ಮತ್ತು ಬೆಲೆಯ ಲೆಕ್ಕ ಅದರಲ್ಲಿದೆ. ಮಲಬಾರ್ ಕರಾವಳಿಯ ಬೆನ್ನಿಗಿರುವುದು ವಯನಾಡು. ವಯನಾಡಿಗೆ ಅಂಟಿಕೊಂಡದ್ದು ಬಂಡೀಪುರ.

ಮೈಸೂರಿನಲ್ಲಿ ಚಿನ್ನ, ದಂತ ಮತ್ತು ಪುರಾಣ ಒಂದಾದ ಮಹಾವಸ್ತುವೆಂದರೆ ನಶ್ಯದ ಡಬ್ಬಿಯಲ್ಲ, ಸಿಂಹಾಸನ. ದಸರೆಯಲ್ಲಿ ಜೋಡಿಸಿ ಆಮೇಲೆ ಬಿಚ್ಚಿಡುವ ಈ ರತ್ನಸಿಂಹಾಸನ ಮೂಲತಃ ಅತ್ತಿಮರದ್ದು. ಅದಕ್ಕೆ ದಂತದ ಫಲಕಗಳ ಅಲಂಕಾರವಿತ್ತು. ಚಿನ್ನದ ಹೊದಿಕೆ, ಬೆಳ್ಳಿಯ ಪ್ರತಿಮೆ, ರತ್ನಗಳು ಅದರ ಮೇಲೆ ಬಂದವು. ತ್ರಿಮೂರ್ತಿಗಳು, ಅಷ್ಟದಿಕ್ಪಾಲಕರು, ಶರಭ, ಹಂಸ, ಆನೆ, ಕುದುರೆ ಎಲ್ಲರೂ ಅದರ ಮೈಮೇಲಿದ್ದಾರೆ. ಚಿನ್ನ ಹೊಳೆಯುತ್ತದೆ, ದಂತ ಒಳಗುಳಿದಿದೆ.

ಇಂದಿನ ಅರಮನೆಯಲ್ಲೂ ಆ ಕೈಚಳಕವನ್ನು ಕಾಣಬಹುದು. ಹಳೆಯ ಮರದ ಅರಮನೆ 1897ರಲ್ಲಿ ಸುಟ್ಟುಹೋದ ಮೇಲೆ ಹೆನ್ರಿ ಇರ್ವಿನ್ನನ ವಿನ್ಯಾಸದಲ್ಲಿ ಎದ್ದ ಕಟ್ಟಡ ಮುಗಿದದ್ದು 1912ರಲ್ಲಿ. ಅಂಬಾವಿಲಾಸದ ಬಾಗಿಲಿನ ಬೀಟೆಮರಕ್ಕೆ ದಂತ ಕೂರಿಸಿದ್ದಾರೆ. ಅದನ್ನು ದಾಟಿದರೆ ಗಣಪತಿಯ ಗುಡಿ. ಒಂದು ದಂತ ಮುರಿದುಕೊಂಡ ದೇವರ ಮುಂದೆ ಎಷ್ಟೋ ಆನೆಗಳ ದಂತದ ಬಾಗಿಲು! ಕಟ್ಟಿದವರಿಗೆ ಅದರಲ್ಲಿ ವಿಪರ್ಯಾಸ ಕಂಡಿರಲಾರದು. ಆ ಕಾಲಕ್ಕೆ ದಂತವೆಂದರೆ ಪವಿತ್ರ, ಶುಭ್ರ, ಮಂಗಳ. ಗಜೇಂದ್ರನನ್ನು ಮೊಸಳೆಯ ಬಾಯಿಂದ ಬಿಡಿಸಲು ವಿಷ್ಣು ಗರುಡನೇರಿ ಓಡಿ ಬಂದ ಕಥೆಯನ್ನು ದಂತದಲ್ಲೇ ಕೆತ್ತಿದರೂ ಯಾರೂ ಹುಬ್ಬೇರಿಸುತ್ತಿರಲಿಲ್ಲ.

ಸಣ್ಣ ವಸ್ತುಗಳ ಕೆಲಸ ಎರಡು ಬಗೆಯವರ ಕೈಯಲ್ಲಿತ್ತು. ಮಲೆನಾಡಿನ ಸಾಗರ, ಸೊರಬದ ಗುಡಿಗಾರರು ಶ್ರೀಗಂಧದಲ್ಲೂ ದಂತದಲ್ಲೂ ಕೆತ್ತುತ್ತಿದ್ದರು. ಮೈಸೂರು ಪೇಟೆಯಲ್ಲಿ, ಮುಖ್ಯವಾಗಿ ಮಂಡಿ ಮೊಹಲ್ಲಾದಲ್ಲಿ, ಬೀಟೆಮರದಲ್ಲಿ ಕೂರಿಸುವ ಕೆಲಸದವರಿದ್ದರು. ಇವರಲ್ಲಿ ಮುಸ್ಲಿಂ ಮನೆತನಗಳು ಬಹಳ. ಬೀಟೆಯ ಹಲಗೆಯನ್ನು ಚಿತ್ರದ ಆಕಾರಕ್ಕೆ ತೆಳುವಾಗಿ ಕೊರೆದು, ಅದೇ ಆಕಾರಕ್ಕೆ ಕತ್ತರಿಸಿದ ಬಿಳಿಯ ಚೂರನ್ನು ಕೂರಿಸಿ, ಉಜ್ಜಿ ಸಮಮಾಡಿ, ಅದರ ಮೇಲೆ ಮೊನೆಯಿಂದ ಗೆರೆ ಕೊರೆದು ಕಪ್ಪು ಅರಗು ತುಂಬುವುದು ಅವರ ಕ್ರಮ. ಕೃಷ್ಣನ ಹುಬ್ಬು, ಕೊಳಲಿನ ರಂಧ್ರ, ಹಸುವಿನ ಕೊರಳ ಗಂಟೆ ಎಲ್ಲ ಆ ಕಪ್ಪು ಗೆರೆಯಲ್ಲೇ ಜೀವ ತಳೆಯುತ್ತವೆ. ಇಂಥದ್ದೇ ಗೆರೆಯ ಕೆಲಸದಿಂದ ವಿಶಾಖಪಟ್ಟಣದ ಪೆಟ್ಟಿಗೆಗಳು ಹದಿನೆಂಟನೇ ಶತಮಾನದಲ್ಲಿ ಆಂಗ್ಲರ ಮನೆಗಳನ್ನು ಸೇರಿದವು. ತಿರುವಾಂಕೂರಿನ ಅರಸರು ದಂತದ ಸಿಂಹಾಸನವನ್ನೇ ವಿಕ್ಟೋರಿಯಾ ರಾಣಿಗೆ ಕಳಿಸಿಕೊಟ್ಟರು. 1851ರ ಲಂಡನ್ ಪ್ರದರ್ಶನದಲ್ಲಿ ಅದನ್ನು ಜನ ಮುಗಿಬಿದ್ದು ನೋಡಿದರು.

ಇಷ್ಟೊಂದು ದಂತ ಎಲ್ಲಿಂದ ಬಂತು?

'ಆನೆ ಇದ್ದರೂ ಸಾವಿರ, ಸತ್ತರೂ ಸಾವಿರ' ಎಂಬ ಗಾದೆ ನಮ್ಮಲ್ಲಿದೆ. ಇದ್ದಾಗಿನ ಸಾವಿರಕ್ಕೆ ಖೆಡ್ಡಾ ಸಾಕ್ಷಿ. ಹೈದರಾಲಿ ತನ್ನ ಸೈನ್ಯವನ್ನೆಲ್ಲ ಹೂಡಿ ಆನೆಹಿಂಡು ಹಿಡಿಯಲು ಹೋಗಿ ಸೋತು, ಇನ್ನಾರೂ ಇದಕ್ಕೆ ಕೈಹಾಕಬಾರದೆಂದು ಶಾಪ ಬರೆದ ಕಲ್ಲು ನೆಡಿಸಿದ್ದನೆಂದು ಜಿ.ಪಿ. ಸ್ಯಾಂಡರ್ಸನ್ ಬರೆದಿದ್ದಾನೆ. ಆ ಶಾಪಕ್ಕೆ ಹೆದರದ ಸ್ಯಾಂಡರ್ಸನ್ ಚಾಮರಾಜನಗರದ ಸೀಮೆಯಲ್ಲಿ ಬೀಡುಬಿಟ್ಟು, 1874ರಲ್ಲಿ ಖೆಡ್ಡಾ ನಡೆಸಿ ಒಂದೇ ಸಲಕ್ಕೆ ಐವತ್ತಕ್ಕೂ ಹೆಚ್ಚು ಆನೆ ಹಿಡಿದ. ಕಾಕನಕೋಟೆಯ ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ.

ಸತ್ತಾಗಿನ ಸಾವಿರದ ಲೆಕ್ಕ ಇಷ್ಟು ಸರಳವಲ್ಲ. ಏಷ್ಯಾದ ಆನೆಗಳಲ್ಲಿ ಉದ್ದನೆಯ ದಂತ ಇರುವುದು ಗಂಡಿಗೆ ಮಾತ್ರ. ಗಂಡಿನಲ್ಲೂ ದಂತವಿಲ್ಲದ ಮಕ್ನಾಗಳಿವೆ. ಆಫ್ರಿಕಾದ ಆನೆಗಳಲ್ಲಿ ಗಂಡು ಹೆಣ್ಣು ಎರಡಕ್ಕೂ ದಂತವುಂಟು. ಹಾಗಾಗಿ ಹತ್ತೊಂಬತ್ತನೇ ಶತಮಾನದಿಂದ ನಮ್ಮ ಕುಶಲಕರ್ಮಿಗಳ ಮುಂದೆ ಬಂದ ದಂತದಲ್ಲಿ ಬಹುಪಾಲು ಜಂಜಿಬಾರಿನ ಕಡೆಯಿಂದ ಮುಂಬೈ ಬಂದರಿಗೆ ಇಳಿದ ಆಫ್ರಿಕಾದ ಸರಕು. ಕಾಡಿನಲ್ಲಿ ತಾನಾಗಿ ಸತ್ತ ಆನೆಯದು, ಸಾಕಿದ ಆನೆಯಿಂದ ಕತ್ತರಿಸಿ ತೆಗೆದ ತುದಿ, ಇವೂ ಇದ್ದವು. ಮದ್ರಾಸ್ ಪ್ರಾಂತ್ಯ 1873ರಲ್ಲಿ, ಬ್ರಿಟಿಷ್ ಇಂಡಿಯಾ 1879ರಲ್ಲಿ ಆನೆ ಕೊಲ್ಲುವುದಕ್ಕೆ ಕಾಯಿದೆಯ ತಡೆ ಹಾಕಿದ್ದವು. ಆದ್ದರಿಂದ ಮನೆಯಲ್ಲಿರುವ ಪ್ರತಿಯೊಂದು ದಂತದ ಡಬ್ಬಿಯ ಹಿಂದೆಯೂ ಗುಂಡೇಟು ಇದೆ ಎನ್ನುವುದು ತಪ್ಪಾಗುತ್ತದೆ. ತೊಂದರೆ ಬಂದದ್ದು ಬೇರೆ ಕಡೆಯಿಂದ. ಡಬ್ಬಿಯಾಗಿ ಕೈಗೆ ಬಂದ ಮೇಲೆ ಇದು ಕಾಂಗೋದ ಆನೆಯೋ ಬಂಡೀಪುರದ ಆನೆಯೋ ಎಂದು ಕೊಳ್ಳುವವನಿಗೆ ಗೊತ್ತಾಗುವುದಿಲ್ಲ.

ಕಾನೂನು ಎಡವಿದ್ದೂ ಇಲ್ಲೇ. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂತು. 1977ರಲ್ಲಿ ಆನೆ ಮೊದಲನೇ ಅನುಸೂಚಿಗೆ ಸೇರಿತು. 1986ರ ತಿದ್ದುಪಡಿ ಭಾರತದ ಆನೆಯ ದಂತದ ವ್ಯಾಪಾರವನ್ನು ನಿಲ್ಲಿಸಿತು, ಆಫ್ರಿಕಾದಿಂದ ಬಂದದ್ದಕ್ಕೆ ಮಾತ್ರ ಬಾಗಿಲು ತೆರೆದೇ ಇಟ್ಟಿತು. ಆ ಬಾಗಿಲಿನಲ್ಲಿ ನುಗ್ಗಲು ಇಲ್ಲಿಯ ದಂತಕ್ಕೆ ಬೇಕಾಗಿದ್ದು ಒಂದು ಸುಳ್ಳು ಹೆಸರು ಅಷ್ಟೆ. ಅದೇ ವರ್ಷಗಳಲ್ಲಿ ಗೋಪಿನಾಥಂನ ವೀರಪ್ಪನ್ ಈ ಸೀಮೆಯ ಕಾಡುಗಳಲ್ಲಿ ಗಂಡಾನೆಗಳನ್ನು ಹುಡುಕಿ ಕೊಲ್ಲುತ್ತಿದ್ದ. ಆಫ್ರಿಕಾದ ದಂತದ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ತಡೆ ಬಿದ್ದದ್ದು 1989ರಲ್ಲಿ. ನಮ್ಮಲ್ಲಿ ಆ ಬಾಗಿಲು ಮುಚ್ಚಿದ್ದು 1991ರ ತಿದ್ದುಪಡಿಯಿಂದ. ಅದೇ 1991ರ ನವೆಂಬರ್‌ನಲ್ಲಿ ವೀರಪ್ಪನ್ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವರನ್ನು ಕೊಂದ. ಅವನು 2004ರ ಅಕ್ಟೋಬರ್ 18ರಂದು ಗುಂಡಿಗೆ ಬಲಿಯಾಗುವಷ್ಟರಲ್ಲಿ ಕಾಡಿನ ಲೆಕ್ಕ ಏರುಪೇರಾಗಿತ್ತು. ದಂತಕ್ಕಾಗಿ ಕೊಲ್ಲುವವನು ಗಂಡನ್ನೇ, ಅದರಲ್ಲೂ ದೊಡ್ಡ ದಂತದ್ದನ್ನೇ ಆರಿಸುತ್ತಾನೆ. ಕೇರಳದ ಪೆರಿಯಾರ್ ಕಾಡಿನಲ್ಲಿ ಒಂದು ಹಂತದಲ್ಲಿ ಒಂದು ಪ್ರಾಯದ ಗಂಡಿಗೆ ನೂರಕ್ಕೂ ಹೆಚ್ಚು ಹೆಣ್ಣಾನೆಗಳಿದ್ದವು. ಹಿಂಡು ದೊಡ್ಡದಾಗಿಯೇ ಕಾಣುತ್ತದೆ, ಆದರೆ ಮರಿ ಹುಟ್ಟುವುದು ಕಡಿಮೆಯಾಗುತ್ತದೆ.

ವ್ಯಾಪಾರಿಗಳು ಸುಮ್ಮನಿರಲಿಲ್ಲ. ನಿಷೇಧವನ್ನು ಪ್ರಶ್ನಿಸಿದರು. 1997ರಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಸೈಬೀರಿಯಾದ ಹಿಮದಲ್ಲಿ ಸಿಕ್ಕ ಅಳಿದುಹೋದ ಮ್ಯಾಮತ್ ಪ್ರಾಣಿಯ ದಂತವಾದರೂ ಮಾರಬಹುದೇ ಎಂದು ಕೇಳಿದಾಗ 2003ರಲ್ಲಿ ಸುಪ್ರೀಂ ಕೋರ್ಟ್ ಅದಕ್ಕೂ ಒಪ್ಪಲಿಲ್ಲ. ಆನೆ ಮತ್ತು ಮ್ಯಾಮತ್ ದಂತದ ಅಡ್ಡಸೀಳಿನಲ್ಲಿ ಒಂದನ್ನೊಂದು ಹಾಯುವ ಗೆರೆಗಳ ಕೋನ ಬೇರೆ ಎನ್ನುವುದು ನಿಜ. ಆದರೆ ಕೆತ್ತಿ ಮುಗಿಸಿದ ಸಣ್ಣ ವಸ್ತುವಿನಲ್ಲಿ ಆ ಗೆರೆ ಹುಡುಕುವವರು ಯಾರು? 1986ರಲ್ಲಿ ಕಲಿತ ಪಾಠ ಅದು.

ಇನ್ನು ಕೇಳುಗರಲ್ಲಿ ಕೆಲವರ ಮನಸ್ಸಿನಲ್ಲಿ ಇದೀಗ ಮೂಡಿರಬಹುದಾದ ಪ್ರಶ್ನೆ: ಅಜ್ಜನ ಕಾಲದ ದಂತದ ಡಬ್ಬಿ ಮನೆಯ ಬೀರುವಿನಲ್ಲಿದೆ, ಏನು ಮಾಡುವುದು? ಹಳೆಯದು ಎಂಬ ಕಾರಣಕ್ಕೆ ಅದು ಕಾನೂನಿನಿಂದ ಹೊರಗಲ್ಲ. ಅಂಥ ವಸ್ತುವಿಗೆ ಮುಖ್ಯ ವನ್ಯಜೀವಿ ಪರಿಪಾಲಕರ ಒಡೆತನದ ಪ್ರಮಾಣಪತ್ರ ಬೇಕು. ಅಂಥ ವಸ್ತು ಉತ್ತರಾಧಿಕಾರದಿಂದ ಬಂದರೆ ತೊಂಬತ್ತು ದಿನಗಳೊಳಗೆ ತಿಳಿಸಬೇಕು. ಮಾರುವಂತಿಲ್ಲ. ನೂರು ವರ್ಷ ದಾಟಿದ ಕಲಾವಸ್ತುವಾದರೆ ವಿದೇಶಕ್ಕೆ ಒಯ್ಯದಂತೆ ಪ್ರಾಚ್ಯವಸ್ತು ಕಾಯಿದೆಯೂ ತಡೆಯುತ್ತದೆ. 2022ರ ತಿದ್ದುಪಡಿಯ ಪ್ರಕಾರ ಪ್ರಮಾಣಪತ್ರವುಳ್ಳವರು ತಾವಾಗಿಯೇ ಸರ್ಕಾರಕ್ಕೆ ಒಪ್ಪಿಸಬಹುದು, ಪರಿಹಾರ ಸಿಗುವುದಿಲ್ಲ. 2023ರ ಅಕ್ಟೋಬರ್‌ನಲ್ಲಿ ಹುಲಿ ಉಗುರಿನ ಪದಕಗಳ ಗದ್ದಲವೆದ್ದಾಗ ಎಷ್ಟೋ ಮನೆಗಳಲ್ಲಿ ದೇವರ ಕೋಣೆಯನ್ನು ಮತ್ತೊಮ್ಮೆ ತಡಕಾಡಿದರು. ಆ ಬಳಿಕ 2024ರ ಆರಂಭದಲ್ಲಿ ರಾಜ್ಯ ಸರ್ಕಾರ ಇಂಥ ವಸ್ತುಗಳನ್ನು ಒಪ್ಪಿಸಲು ಒಂದು ಸಲದ ಅವಕಾಶವನ್ನು ಪ್ರಕಟಿಸಿತ್ತು. ಅನುಮಾನವಿದ್ದವರು ಸಮೀಪದ ಅರಣ್ಯ ಕಚೇರಿಯಲ್ಲಿ ವಿಚಾರಿಸುವುದು ಲೇಸು. ಪರಿಚಯದ ಅಂಗಡಿಯವನ ಸಲಹೆಯನ್ನು ನೆಚ್ಚುವುದು ಬೇಡ.

ಹಾಗಾದರೆ ಆ ಕೈಕೆಲಸದವರ ಗತಿ? ದಂತ ಹೋದಾಗ ವಿದ್ಯೆಯೂ ಹೋಯಿತೆಂದು ಅನೇಕರು ಮರುಗಿದರು. ಹಾಗೆ ಆಗಲಿಲ್ಲ. ಮೈಸೂರಿನ ಬೀಟೆಮರದ ಕೆಲಸ ಇಂದಿಗೂ ಇದೆ, ಅದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿದೆ. ಬಿಳಿಯ ಜಾಗಕ್ಕೆ ಈಗ ಪ್ಲಾಸ್ಟಿಕ್, ಉಳಿದ ಬಣ್ಣಗಳಿಗೆ ನಾನಾ ಜಾತಿಯ ಮರದ ಚೂರು. ಹಳೆಯ ಕೆಲಸ ಕಂಡವರಿಗೆ ಈ ಬಿಳುಪು ಸ್ವಲ್ಪ ಕಣ್ಣಿಗೆ ಹೊಡೆಯುತ್ತದೆ. ಬೆಣ್ಣೆಯ ಬಣ್ಣ ಅದಕ್ಕೆ ಎಂದೂ ಬಾರದು. ಆ ನಷ್ಟವನ್ನು ಒಪ್ಪಿಕೊಳ್ಳಲೇಬೇಕು. ಆದರೆ ಕೊರೆಯುವ ಕೈ ಅದೇ. ಚನ್ನಪಟ್ಟಣದ ಕಡೆ ನೋಡಿ. ಅಲ್ಲಿಯ ಚರಕಿಯ ಮೇಲೆ ತಿರುಗುವ ಹಾಲೆ ಮರ ಎಷ್ಟು ಬೆಳ್ಳಗಿದೆಯೆಂದರೆ ಆಂಗ್ಲರು ಅದನ್ನು 'ದಂತದ ಮರ' ಎಂದೇ ಕರೆದರು. ಅರಗಿನ ಬಣ್ಣ ಹಚ್ಚಿದ ಕುಂಕುಮದ ಭರಣಿಗಳು ಅದರಿಂದ ಆಗುತ್ತವೆ. ಯಾವ ಆನೆಯೂ ಅದಕ್ಕಾಗಿ ಸಾಯಬೇಕಾಗಿಲ್ಲ.

ಕಾಡಿನ ಕಡೆಯ ಸುದ್ದಿ ಹೀಗಿದೆ. 2023ರ ಗಣತಿಯಲ್ಲಿ ಕರ್ನಾಟಕದಲ್ಲಿ 6,395 ಆನೆಗಳಿವೆಯೆಂದು ಅಂದಾಜಿಸಿದರು. ಇವುಗಳಲ್ಲಿ 1,116 ಬಂಡೀಪುರ ಒಂದರಲ್ಲೇ, ರಾಜ್ಯದಲ್ಲಿ ಇದೇ ಅತಿ ಹೆಚ್ಚು. ಹಂಗಳದ ರೈತನಿಗೆ ಈ ಸಂಖ್ಯೆ ಬರೀ ಸಂತೋಷದ ಸುದ್ದಿಯಲ್ಲ. ರಾತ್ರಿ ಹೊಲಕ್ಕೆ ಇಳಿಯುವ ಆನೆಗೆ ಬೆಲೆ ತೆರುವವನು ಅವನು. ಹಿಂದೆ ಆನೆಯ ಬೆಲೆಯನ್ನು ದಂತದಲ್ಲಿ ಎಣಿಸುತ್ತಿದ್ದರು, ಈಗ ತುಳಿದುಹೋದ ಬೆಳೆಯಲ್ಲಿ ಎಣಿಸಬೇಕಾಗಿದೆ. ಪೇಟೆಯಲ್ಲಿ ಕೂತು ನಿಷೇಧವನ್ನು ಮೆಚ್ಚುವವರು ಈ ಎರಡನೇ ಲೆಕ್ಕವನ್ನೂ ನೋಡಬೇಕು.

2009ರಿಂದ ಬಂಡೀಪುರದ ಮೂಲಕ ರಾತ್ರಿ ವಾಹನ ಸಂಚಾರಕ್ಕೆ ತಡೆಯಿದೆ. ಹಂಗಳ ದಾಟಿದ ಮೇಲೆ ಸಿಗುವ ಮೇಲುಕಾಮನಹಳ್ಳಿಯ ತಪಾಸಣಾ ಠಾಣೆಯಲ್ಲಿ ರಾತ್ರಿ ಒಂಬತ್ತಕ್ಕೆ ಅಡ್ಡಗಂಬ ಬೀಳುತ್ತದೆ, ಬೆಳಗ್ಗೆ ಆರರವರೆಗೆ ಏಳುವುದಿಲ್ಲ. ತಡವಾಗಿ ಬಂದ ಲಾರಿಗಳು ಗುಂಡ್ಲುಪೇಟೆಯ ಕಡೆಗೆ ಮುಖ ತಿರುಗಿಸುತ್ತವೆ. ಬೆಟ್ಟದ ಗುಡಿಯ ಬಾಗಿಲೂ ಆ ಹೊತ್ತಿಗೆ ಮುಚ್ಚಿರುತ್ತದೆ. ಅಲ್ಲಿಂದ ಬೆಳಗಿನವರೆಗೆ ಆ ರಸ್ತೆಯನ್ನು ದಾಟುವುದು ಸಲಗಗಳು, ತಮ್ಮ ದಂತವನ್ನು ತಾವೇ ಹೊತ್ತುಕೊಂಡು.